ಅಕ್ಷತೆ ಬೀಳುವವರೆಗೆ

ಹಲಸೂರು
ಮಾರ್ಚ್ 23, 2025

ಪ್ರೀತಿಯ ಪ್ರತಿಭತ್ತೆ,

ಕಾಗದ ನೋಡಿ ನಗಬೇಡಿ. ನೀವು ನಮ್ಮೆಲ್ಲರ ನಂಬರನ್ನೂ ಬ್ಲಾಕ್ ಮಾಡಿದ ಮೇಲೆ ನನಗೆ ಉಳಿದ ದಾರಿ ಇದೊಂದೇ. ಹಲಸೂರಿನಲ್ಲಿ ಮೆಟ್ರೋ ಹತ್ತಿದರೆ ಕೆ.ಆರ್. ಪುರ ದೂರವೇನಲ್ಲ. ಆದರೆ ನೀವು ಬಾಗಿಲು ತೆರೆಯದಿದ್ದರೆ ಎಂದು ಹೆದರಿಕೆ.

ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವರು ನೀವು, ಅಜ್ಜಿ ಮತ್ತು ಅಜ್ಜ. ನನ್ನ ಮದುವೆಯ ಸೀರೆಗಳನ್ನು ಕಮರ್ಷಿಯಲ್ ಸ್ಟ್ರೀಟಿನಲ್ಲಿ ಸುತ್ತಿ ಸುತ್ತಿ ಆರಿಸಿದವರೂ ನೀವೇ. ಅಂಥವರು ಮದುವೆಯ ದಿನ ಬರಲಿಲ್ಲ. ಅಪ್ಪನನ್ನು ಕೇಳಿದರೆ, "ನಿಮ್ಮತ್ತೆಗೆ ತಾನು ಐಸಿಯು ಡಾಕ್ಟರ್ ಅಂತ ಅಹಂಕಾರ ಕಣೆ. ಅಜ್ಜ ಇದ್ದ ಆಸ್ಪತ್ರೇಲಿ ಅವಳ ಮಾತು ನಡೀಲಿಲ್ಲ, ಅದಕ್ಕೆ ಸಿಟ್ಟು," ಎನ್ನುತ್ತಾರೆ. ನನಗದು ನಂಬಿಕೆಯಾಗುವುದಿಲ್ಲ.

ಅಜ್ಜನ ನೆನಪು ದಿನವೂ ಬರುತ್ತದೆ. ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಯಲ್ಲಿ ಒಂದೊಂದೇ ಬದನೆಕಾಯಿ ಒತ್ತಿ ನೋಡಿ ಅಂಗಡಿಯವಳಿಂದ ಬೈಸಿಕೊಳ್ಳುತ್ತಿದ್ದುದು, ವಿಮಾನ ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ಸೈರನ್ನಿನ ಹೊತ್ತಿಗೇ ಊಟಕ್ಕೆ ಕೂರುತ್ತಿದ್ದುದು. ಮನೆಗೆ ಬಂದವರೆಲ್ಲ ನನಗೆ ಹೇಳುವ ಮಾತು ಒಂದೇ: "ಚನ್ನಪ್ಪನವರು ಮೊಮ್ಮಗಳ ಮದುವೆಗೋಸ್ಕರ ಜೀವ ಹಿಡ್ಕೊಂಡಿದ್ರಮ್ಮ. ಅಕ್ಷತೆ ಬಿತ್ತು, ಆರತಕ್ಷತೆ ಮುಗೀತು, ನೆಮ್ಮದಿಯಾಗಿ ಹೋದ್ರು." ಇದನ್ನು ಕೇಳಿದಾಗಲೆಲ್ಲ ಅಳು ಬರುತ್ತದೆ, ಸಮಾಧಾನವೂ ಆಗುತ್ತದೆ. ಹೊಸ ಮದುಮಗಳೆಂದು ನನ್ನನ್ನು ಮಣ್ಣಿಗೆ ಕರೆದೊಯ್ಯಲಿಲ್ಲ. ಮುಖ ಮಾತ್ರ ತೋರಿಸಿದರು. ಮೂಗಿನ ಮೇಲೂ ದಪ್ಪಗೆ ವಿಭೂತಿ ಇತ್ತು, ಉಳಿದದ್ದೆಲ್ಲ ಶಾಲಿನೊಳಗೆ.

ಅಜ್ಜ ನನಗಾಗಿ ಕಾದರು. ನೀವು ಯಾಕೆ ಬರಲಿಲ್ಲ?

ನಿಮ್ಮ
ಸೃಷ್ಟಿ


ಕೆ.ಆರ್. ಪುರ
ಏಪ್ರಿಲ್ 11, 2025

ಸೃಷ್ಟಿ,

ನಿನ್ನ ಕಾಗದ ತಲುಪಿತು. ನೀನು ಚೆನ್ನಾಗಿರಬೇಕು, ಸಿದ್ಧೇಶನ ಜೊತೆ ಸುಖವಾಗಿರಬೇಕು. ನಿನ್ನ ಮೇಲೆ ನನಗೆ ಎಳ್ಳಷ್ಟೂ ಕೋಪವಿಲ್ಲ.

ಒಂದೇ ಕೋರಿಕೆ. ಅಜ್ಜ ಕಾದರು ಎನ್ನುವ ಆ ಮಾತನ್ನು ಇನ್ನೊಮ್ಮೆ ನನಗೆ ಬರೆಯಬೇಡ. ಅದನ್ನು ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಕಾರಣ ಕೇಳಬೇಡ.

ಪ್ರತಿಭಾ


ಹಲಸೂರು
ಜೂನ್ 15, 2025

ಪ್ರತಿಭತ್ತೆ,

ಕಾರಣ ಕೇಳಬಾರದೆಂದು ಇಷ್ಟು ದಿನ ಸುಮ್ಮನಿದ್ದೆ. ಈಗ ಕೇಳಲೇಬೇಕಾಗಿದೆ.

ಕಳೆದ ವಾರ ಮದುವೆಯ ವಿಡಿಯೋ ಬಂತು. ಮನೆಯವರೆಲ್ಲ ಕೂತು ನೋಡಿದೆವು. ಮುಹೂರ್ತಕ್ಕೆ ಮುಂಚಿನ ಒಂದು ಭಾಗದಲ್ಲಿ ಹಾಡು ಸೇರಿಸಲು ಮರೆತಿದ್ದಾರೆ, ಮಂಟಪದ ಗದ್ದಲವೇ ಹಾಗೇ ಉಳಿದಿದೆ. ಕ್ಯಾಮೆರಾ ನನ್ನ ಮೇಲಿದೆ. ಪಕ್ಕದಲ್ಲೆಲ್ಲೋ ಅಪ್ಪನ ದನಿ. ಫೋನಿನಲ್ಲಿ ಮಾತಾಡುತ್ತಿದ್ದಾರೆ. "ಇನ್ನು ಸ್ವಲ್ಪ ಹೊತ್ತು ಡಾಕ್ಟ್ರೇ. ಅಕ್ಷತೆ ಬಿದ್ಬಿಡ್ಲಿ. ಜಾಸ್ತಿ ಮಾಡಿ, ಪರವಾಗಿಲ್ಲ, ಎಷ್ಟಾದ್ರೂ ಜಾಸ್ತಿ ಮಾಡಿ."

ಉಳಿದವರು ಗಮನಿಸಲಿಲ್ಲ. ಆ ತುಣುಕನ್ನು ನಾನು ಆಮೇಲೆ ಒಬ್ಬಳೇ ಕೂತು ಮತ್ತೆ ಮತ್ತೆ ಹಾಕಿ ಕೇಳಿದೆ. ನಾನು ತಲೆ ತಗ್ಗಿಸಿ ನಗುತ್ತಿದ್ದೇನೆ. ನನ್ನ ನಗುವಿನ ಮೇಲೆ ಆ ಮಾತು ಕೇಳಿಸುತ್ತದೆ.

ಏನನ್ನು ಜಾಸ್ತಿ ಮಾಡಿದರು ಅತ್ತೆ? ಅಪ್ಪನನ್ನು ಕೇಳುವ ಮೊದಲು ನಿಮ್ಮಿಂದ ತಿಳಿಯಬೇಕು. ನಾನು ಚಿಕ್ಕ ಮಗುವಲ್ಲ. ಹೇಳದಿದ್ದರೆ ಏನೇನೋ ಊಹಿಸಿಕೊಂಡು ಸಾಯುತ್ತೇನೆ.

ಸೃಷ್ಟಿ


ಕೆ.ಆರ್. ಪುರ
ಜೂನ್ 29, 2025

ಸೃಷ್ಟಿ,

ಇದನ್ನು ಊಟಕ್ಕೆ ಮುಂಚೆ ಓದಬೇಡ.

ಅಜ್ಜನಿಗೆ ನ್ಯುಮೋನಿಯಾ ಆಗಿ, ನಂಜು ರಕ್ತಕ್ಕೇರಿತ್ತು. ಹಾಗಾದಾಗ ರಕ್ತನಾಳಗಳು ಸಡಿಲವಾಗಿ ಬಿ.ಪಿ. ಕುಸಿಯುತ್ತದೆ. ಆಗ ನಾವು ನಾರ್‌ಅಡ್ರಿನಲಿನ್ ಎಂಬ ಔಷಧವನ್ನು ಸಿರಿಂಜ್ ಪಂಪಿನಲ್ಲಿಟ್ಟು ಸಣ್ಣಗೆ ಬಿಡುತ್ತೇವೆ. ಅದು ನಾಳಗಳನ್ನು ಹಿಂಡಿ ಬಿಗಿ ಮಾಡುತ್ತದೆ, ಬಿ.ಪಿ. ಏರುತ್ತದೆ. ನಾನು ದಿನವೂ ಅದನ್ನು ಬಳಸುವವಳು. ಹೆರಿಗೆಯಾದ ಮೇಲೆ ನಂಜಾಗಿ, ಕೈಗೆ ನಾಡಿಯೇ ಸಿಗದ ಹುಡುಗಿಯೊಬ್ಬಳು ಈಚೆಗೆ ನಮ್ಮಲ್ಲಿಗೆ ಬಂದಿದ್ದಳು. ಅದೇ ಔಷಧದ ಬಲದಲ್ಲಿ ತಡೆದುಕೊಂಡು, ಅಷ್ಟರಲ್ಲಿ ಆಂಟಿಬಯಾಟಿಕ್ ಹಿಡಿದು, ಮಗು ಎತ್ತಿಕೊಂಡು ನಡೆದು ಮನೆಗೆ ಹೋದಳು. ಹಾಗಾಗಿ ಔಷಧವನ್ನು ಶಪಿಸಬೇಡ. ಅದು ರೋಗ ವಾಸಿ ಮಾಡುವುದಿಲ್ಲ, ಸಮಯ ಕೊಡುತ್ತದೆ. ಆ ಸಮಯದಲ್ಲಿ ವಾಸಿಯಾಗುವಂಥದ್ದು ಏನಾದರೂ ಒಳಗೆ ಉಳಿದಿರಬೇಕು, ಅಷ್ಟೇ.

ಅಜ್ಜನಲ್ಲಿ ಉಳಿದಿರಲಿಲ್ಲ. ಮೊದಲು ಕಿಡ್ನಿ ನಿಂತಿತು, ಆಮೇಲೆ ಲಿವರ್. ಬಾಯಿಗೆ ಕೊಳವೆ ಹಾಕುವ ಮುಂಚೆ ನನ್ನ ಕೈ ಹಿಡಿದು, "ಸಾಕ ಬಿಡವಾ," ಎಂದಿದ್ದರು. ನಿನ್ನ ಮದುವೆಯ ವಾರದ ಬುಧವಾರ ಅಲ್ಲಿನ ಹಿರಿಯ ವೈದ್ಯರು ನಿಮ್ಮಪ್ಪನನ್ನೂ ನನ್ನನ್ನೂ ಕೂರಿಸಿಕೊಂಡು, ಇನ್ನು ಹೆಚ್ಚಿಸುವುದರಲ್ಲಿ ಅರ್ಥವಿಲ್ಲ, ನೋವಾಗದಂತೆ ನೋಡಿಕೊಳ್ಳೋಣ ಎಂದರು. ನಾನು ತಲೆಯಾಡಿಸಿದೆ. ಅಣ್ಣ ಕೇಳಿದ: "ಭಾನುವಾರದ ತನಕ ಹಿಡಿಯೋಕಾಗುತ್ತಾ ಡಾಕ್ಟ್ರೇ?"

ಆ ವೈದ್ಯ ಕೈಯಲ್ಲಿದ್ದ ಪೆನ್ನು ತಿರುಗಿಸಿದ. ಆಮೇಲೆ, "ಫ್ಯಾಮಿಲಿ ಹೇಳೋದಾದ್ರೆ ಟ್ರೈ ಮಾಡ್ಬಹುದು," ಎಂದ. ನನ್ನದೇ ಕಸುಬಿನವನು. ಸಾಯುತ್ತಿರುವವನಿಗೆ ಏನು ಬೇಕಿತ್ತು ಎಂಬುದನ್ನು ನನ್ನ ಬಾಯಿಂದಲೇ ಕೇಳಿದ್ದವನು. ಅವನ ಮುಖ ನೆನಪಾದರೆ ನನಗೆ ಈಗಲೂ ಉಗುಳಬೇಕೆನಿಸುತ್ತದೆ.

ಅಷ್ಟರೊಳಗೆ ಹೋದರೆ ಸೂತಕ, ಮದುವೆ ನಿಲ್ಲುತ್ತದೆ ಎಂದ ಅಣ್ಣನ ಜೊತೆ ಕಾರಿಡಾರಿನಲ್ಲಿ ಜಗಳಕ್ಕೆ ನಿಂತೆ. "ನಮ್ಮಲ್ಲಿ ಸೂತಕ ಎಲ್ಲಿಂದ ಬಂತೋ? ಲಿಂಗ ಕಟ್ಟಿದವರಿಗೆ ಸೂತಕ ಇಲ್ಲ ಅಂತ ಜೀವಮಾನವಿಡೀ ಹೇಳ್ದೋರು ಅಪ್ಪ."

"ನಮಗಿಲ್ಲ ಕಣೆ. ಬೀಗರಿಗೆ? ನೆಂಟರಿಗೆ? ಹೆಣ ಇಟ್ಕೊಂಡು ಅಕ್ಷತೆ ಹಾಕಿದ್ರು ಅಂತ ಆಡ್ಕೊಳಲ್ವಾ?"

"ಈಗ ನೀನು ಮಾಡ್ತಿರೋದು ಅದನ್ನೇ."

ಅವನು ತಿರುಗಿ ಕೌಂಟರಿನ ಕಡೆಗೆ ನಡೆದ. ಆವತ್ತಿನಿಂದ ಏನೇ ಇದ್ದರೂ ಮಗನನ್ನೇ ಕೇಳಬೇಕು, ಮಗಳನ್ನಲ್ಲ ಎಂದು ಆಸ್ಪತ್ರೆಯವರಿಗೆ ಹೇಳಿಬಿಟ್ಟ. ನಿಮ್ಮಜ್ಜಿಗೆ ಅವನು ಹೇಳಿದ್ದು, ಚಿಕಿತ್ಸೆ ನಡೆಯುತ್ತಿದೆ ಎಂದು ಮಾತ್ರ.

ಈಗ ಕೇಳು, ಏನನ್ನು ಜಾಸ್ತಿ ಮಾಡಿದರೆಂದು. ನಾರ್‌ಅಡ್ರಿನಲಿನ್ ಜಾಸ್ತಿ ಮಾಡಿದರು. ಅದು ಸಾಲದಾದಾಗ ಅಡ್ರಿನಲಿನ್ ಸೇರಿಸಿದರು. ಮಿತಿ ಮೀರಿದರೆ ಈ ಔಷಧಗಳು ಇರುವ ರಕ್ತವನ್ನೆಲ್ಲ ಹೃದಯದ ಕಡೆಗೆ, ಮಿದುಳಿನ ಕಡೆಗೆ ತಳ್ಳಿ, ಬೆರಳು, ಮೂಗಿನಂಥ ತುದಿಗಳನ್ನು ಉಪವಾಸ ಕೆಡಹುತ್ತವೆ. ನಂಜೂ ಅದಕ್ಕೆ ಜೊತೆಗೂಡುತ್ತದೆ. ಗುರುವಾರ ಅಜ್ಜನ ಉಗುರುಗಳು ನೇರಳೆಯಾದವು. ಶುಕ್ರವಾರ ಬೆರಳುಗಳು ಕಪ್ಪಾದವು, ಆಮೇಲೆ ಕಾಲು, ಆಮೇಲೆ ಮೂಗಿನ ತುದಿ. ಸುಟ್ಟ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿದ ಕಪ್ಪು. ಮೈ ಮಾತ್ರ ನೀರು ತುಂಬಿ ಊದಿಕೊಂಡು, ಚರ್ಮ ಬಿರಿದು ಹಾಸಿಗೆಗೆ ಸೋರುತ್ತಿತ್ತು. ತಾಹೇರಾ ಎಂಬ ನರ್ಸ್, ಶಿವಾಜಿನಗರದ ಹುಡುಗಿ, ಮೈ ಒರೆಸುತ್ತಿದ್ದವಳು ನನ್ನನ್ನು ಪಕ್ಕಕ್ಕೆ ಕರೆದು, "ಮೇಡಂ, ಬಟ್ಟೆ ಜೊತೆ ಚರ್ಮಾನೂ ಬರ್ತಿದೆ. ಒರೆಸ್ಲಾ, ಬಿಡ್ಲಾ?" ಎಂದು ಕೇಳಿದಳು. ವಾಸನೆ ಶುರುವಾಗಿತ್ತು. ಆ ವಾಸನೆ ಹೇಗಿತ್ತೆಂದು ನಾನು ಬರೆಯುವುದಿಲ್ಲ.

ಅಂಥ ಹೊತ್ತಿನಲ್ಲಿ ನಿಮ್ಮಪ್ಪ ಬಂದ. ನಿನ್ನ ಅರಿಶಿಣದ ಶಾಸ್ತ್ರದಿಂದ ನೇರವಾಗಿ ಬಂದಿದ್ದ. ಕೈಯಲ್ಲಿ ಇನ್ನೂ ಅರಿಶಿಣ ಮೆತ್ತಿಕೊಂಡಿತ್ತು. ಅಪ್ಪನ ಕೈ ನೋಡಲಿಲ್ಲ. ಮಾನಿಟರ್ ನೋಡಿ, "ಬಿ.ಪಿ. ಚೆನ್ನಾಗಿದೆಯಲ್ಲ," ಎಂದ.

ನಿನಗೆ ಹೇಳೋಣವೆಂದು ಶನಿವಾರ ಮನೆಗೆ ಬಂದೆ. ಒಳಗೆ ಹೆಂಗಸರು ಹಾಡು ಹೇಳುತ್ತಿದ್ದರು. ಅಣ್ಣ ಗೇಟಿನಲ್ಲೇ ತಡೆದ. "ಒಳಗೆ ಹೋಗಿ ಒಂದು ಮಾತಾಡಿದ್ರೂ ನೀನು ನನ್ನ ತಂಗಿ ಅಲ್ಲ," ಎಂದ. ನಾನು ಆಸ್ಪತ್ರೆಗೆ ವಾಪಸಾದೆ. ಭಾನುವಾರ ನಾನು ನಿನ್ನ ಮದುವೆಗೆ ಬರದಿದ್ದುದು ಅದಕ್ಕೇ. ಅಪ್ಪನ ಹತ್ತಿರ ಒಬ್ಬರಾದರೂ ಕೂರಬೇಕಿತ್ತು. ಸಂಜೆ ಅಣ್ಣನ ಫೋನು ಬಂತಂತೆ: "ಆಯ್ತು, ಇನ್ನು ಬಿಟ್ಬಿಡಿ." ಪಂಪುಗಳನ್ನು ಇಳಿಸಿದರು. ನಾನು ನೋಡುತ್ತಿದ್ದಂತೆ ಬಿ.ಪಿ. ಜಾರಿತು, ಅವರು ಹೋದರು. ಇದನ್ನೇ ಜನ 'ಅಜ್ಜ ಕಾದರು' ಎನ್ನುತ್ತಾರೆ.

ಸಮಾಧಿಯಲ್ಲಿ ಕೂರಿಸಿ ಎಡ ಅಂಗೈಯಲ್ಲಿ ಲಿಂಗ ಇಡಬೇಕಲ್ಲ. ಶಾಲು ಸರಿಸಿದ ಸ್ವಾಮಿಗಳು ಆ ಕೈ ಕಂಡು ಹಿಂದೆ ಸರಿದರು. ಅಣ್ಣ ಅವಸರದಲ್ಲಿ ಶಾಲು ಎಳೆದು ಮುಚ್ಚಿದ. ಕೊನೆಗೆ ನಾನೇ ಲಿಂಗವಿಟ್ಟು ಬೆರಳು ಮಡಿಸಿದೆ. ಅವು ಮಡಿಯುತ್ತಿರಲಿಲ್ಲ.

ಇದರಲ್ಲಿ ನಿನ್ನದೇನೂ ಇಲ್ಲ. ನೀನು ಕೇಳಿದೆ, ಹೇಳಿದೆ.

ಪ್ರತಿಭತ್ತೆ


ಹಲಸೂರು
ಆಗಸ್ಟ್ 3, 2025

ಅತ್ತೆ,

ಓದಿ ವಾಂತಿ ಮಾಡಿಕೊಂಡೆ. ಮಾರನೆಯ ದಿನ ಮತ್ತೆ ಓದಿದೆ. ಮದುವೆಯ ಫೋಟೋ ನಡುಮನೆಯ ಗೋಡೆಯಲ್ಲಿತ್ತು, ತೆಗೆಸಿದೆ. ಅದರಲ್ಲಿ ನಗುತ್ತಿರುವ ಮದುಮಗಳ ಹಲ್ಲು ಕಂಡರೆ ನನಗೆ ಆಗುವುದಿಲ್ಲ.

ನನ್ನ ಅತ್ತೆಯವರು, ಸಿದ್ಧೇಶನ ತಾಯಿ ಸುಕನ್ಯಮ್ಮ, ಏನಾಯ್ತೆಂದು ಕೇಳಿದರು. ಮುಚ್ಚಿಡಲಾಗಲಿಲ್ಲ, ಹೇಳಿಬಿಟ್ಟೆ. ಅವರು ಹೆಚ್ಚುತ್ತಿದ್ದ ಹುರುಳಿಕಾಯಿ ಅಲ್ಲೇ ಬಿಟ್ಟರು. "ಅಯ್ಯೋ ಶಿವನೇ. ನಮಗೊಂದು ಫೋನ್ ಮಾಡ್ಬಾರ್ದಿತ್ತಾ? ನಾವು ದಾವಣಗೆರೆ ಕಡೆ ಲಿಂಗವಂತರೇ ಅಲ್ವಾ? ನಮ್ಮತ್ತೆ ತೀರ್ಕೊಂಡ ವಾರವೇ ನಮ್ಮ ನಾದಿನಿ ಮದುವೆ ಮಾಡಿದ್ವಿ. ಮುಂದಕ್ಕೆ ಹಾಕೋಣ ಅಂದಿದ್ರೆ ಅದಕ್ಕೂ ಹೂಂ ಅಂತಿದ್ವಿ," ಎಂದರು. ಆಮೇಲೆ ಮೆಲ್ಲಗೆ, "ನಮ್ಮ ಹೆಸರಲ್ಲಿ ಹೀಗ್ ಮಾಡಿದ್ರಾ?" ಎಂದು ಕೇಳಿದರು. ನನಗೆ ಭೂಮಿಗೆ ಇಳಿದುಹೋಗೋಣವೆನಿಸಿತು. ಯಾರೂ ಆಡದ ಮಾತಿಗೆ ಹೆದರಿ ಅಪ್ಪ ಅಜ್ಜನನ್ನು ಕೊಳೆಸಿದರು. ಕೇಳಿಯೂ ನೋಡಲಿಲ್ಲ.

ಅಪ್ಪನ ಹತ್ತಿರ ಹೋದೆ. ವಿಡಿಯೋ ಹಾಕಿ ಅವರ ಮುಂದೆ ಹಿಡಿದೆ. ಮೊದಲು ಸಿಟ್ಟಾದರು, ನಿಮ್ಮನ್ನು ಬೈದರು. ಆಮೇಲೆ ಕುರ್ಚಿಯಲ್ಲಿ ಕುಸಿದು ಕೂತರು.

"ನಿನಗೋಸ್ಕರ ಮಾಡಿದ್ದು ಕಣೆ. ತಾಯಿ ಇಲ್ದಿರೋ ಹುಡುಗಿ. ಮದುವೆ ದಿನ ಸಾವಾದ್ರೆ ನಿನ್ನ ಕಾಲ್ಗುಣ ಅಂತಾರೆ. ನಿನ್ನಮ್ಮ ಹೋದಾಗ ಅಂದಿದ್ರು, ನಿನಗೆ ಗೊತ್ತಿಲ್ಲ. ಇನ್ನೊಂದ್ಸಲ ಅನ್ನಿಸ್ಕೋಬೇಕಾ ನೀನು?"

"ನನ್ನ ಕೇಳಿದ್ರಾ ಅಪ್ಪ?"

"ನಿಮ್ಮಜ್ಜನಿಗೆ ಏನೂ ಗೊತ್ತಾಗ್ತಿರ್ಲಿಲ್ಲ ಅಂದ್ರು ಡಾಕ್ಟರು."

"ನೀವು ಅಜ್ಜನ ಕೈ ನೋಡಿದ್ರಾ?"

ಅವರು ಮುಖ ಮುಚ್ಚಿಕೊಂಡರು. ಅಳುತ್ತಿದ್ದರು. ಅಪ್ಪ ಅಳುವುದನ್ನು ನಾನು ನೋಡಿದ್ದು ಕಡಿಮೆ. ಆದರೂ ಹತ್ತಿರ ಹೋಗಲು ಮನಸ್ಸಾಗಲಿಲ್ಲ. ಅವರ ಪ್ರೀತಿ ಸುಳ್ಳೆಂದು ನನಗೆ ಅನಿಸುತ್ತಿಲ್ಲ ಅತ್ತೆ. ಆ ಪ್ರೀತಿಯೇ ಅಸಹ್ಯ. ಅದು ನನ್ನ ಮೈಗೆ ಅಂಟಿಕೊಂಡಿದೆ, ಎಷ್ಟು ಸ್ನಾನ ಮಾಡಿದರೂ ಹೋಗುತ್ತಿಲ್ಲ.

ಅಜ್ಜಿಗೆ ಹೇಳಲೇ, ಬೇಡವೇ?

ಸೃಷ್ಟಿ


ಕೆ.ಆರ್. ಪುರ
ಆಗಸ್ಟ್ 17, 2025

ಸೃಷ್ಟಿ,

ನಿಮ್ಮಜ್ಜಿ ಸಮಾಧಿಯ ಹತ್ತಿರ ನನ್ನ ಪಕ್ಕದಲ್ಲೇ ನಿಂತಿದ್ದಳು. ಆ ಕೈ ಅವಳೂ ನೋಡಿದಳು. ಅಣ್ಣ "ರೋಗ ಕೈಗೆ ಇಳೀತು" ಎಂದ, ಅವಳು ಸೆರಗು ಬಾಯಿಗೊತ್ತಿಕೊಂಡಳು. ಅವಳು ಕೇಳಿದರೆ ಹೇಳು. ಕೇಳದಿದ್ದರೆ ನೀನಾಗಿ ಅವಳ ಮೇಲೆ ಸುರಿಯಬೇಡ.

ನನ್ನ ನಂಬರಿಗೆ ಫೋನ್ ಮಾಡು. ನಿನ್ನ ನಂಬರೊಂದರ ಬ್ಲಾಕ್ ತೆಗೆದಿದ್ದೇನೆ.

ಪ್ರತಿಭತ್ತೆ


ಹಲಸೂರು
ಫೆಬ್ರವರಿ 10, 2026

ಅತ್ತೆ,

ಇದನ್ನು ಫೋನಿನಲ್ಲಿ ಹೇಳಲು ಹೋದರೆ ಮಧ್ಯೆ ಅತ್ತುಬಿಡುತ್ತೇನೆ, ಆದ್ದರಿಂದ ಬರೆಯುತ್ತಿದ್ದೇನೆ.

ಅಜ್ಜಿ ಸಂಕ್ರಾಂತಿಯ ಮರುದಿನ ಕೇಳಿದರು. ಎಳ್ಳುಬೆಲ್ಲದ ಡಬ್ಬಿ ಮುಚ್ಚುತ್ತ, ನನ್ನ ಕಡೆ ನೋಡದೆ, "ನಿಮ್ಮಜ್ಜನ ಕೈ ಯಾಕ ಹಂಗಾಗಿತ್ತು? ಖರೇ ಹೇಳು," ಎಂದರು. ನಿಮ್ಮ ಕಾಗದವನ್ನೇ ಓದಿ ಹೇಳಿದೆ. ಚರ್ಮದ ಮಾತು ಬಂದಾಗ ನಿಲ್ಲಿಸಿದೆ, "ಓದು," ಎಂದರು. ಪೂರ್ತಿ ಕೇಳಿ ಎದ್ದು ದೇವರ ಮನೆಗೆ ಹೋದರು. ಮತ್ತೆ ಆ ವಿಷಯ ಎತ್ತಲಿಲ್ಲ. ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೆ ತಿಳಿಯಲಿಲ್ಲ.

ಮೊನ್ನೆ ಭಾನುವಾರ ವರ್ಷದ ಪುಣ್ಯಸ್ಮರಣೆ. ನೀವು ಬರಲಾರೆನೆಂದಿರಿ, ಒಳ್ಳೆಯದೇ ಆಯಿತು. ತಿಪ್ಪಸಂದ್ರದ ಸಭಾಭವನ ತುಂಬಿತ್ತು. ಅಜ್ಜನ ಕಾರ್ಖಾನೆಯ ಗೆಳೆಯರು, ಗದಗಿನ ಕಡೆಯ ನೆಂಟರು, ನಮ್ಮ ಬೀಗರು. ಪ್ರಸಾದಕ್ಕೆ ಮುಂಚೆ ಒಬ್ಬೊಬ್ಬರೂ ಎರಡು ಮಾತು ಹೇಳಿದರು. ಕೊನೆಗೆ ಅಪ್ಪ ಮೈಕ್ ಹಿಡಿದರು. ನನ್ನ ಜೊತೆ ಆ ಮಾತುಕತೆ ಆದ ಮೇಲೂ ಆ ಕಥೆಯನ್ನೇ ಹೇಳುತ್ತಾರೆಂದು ನಾನು ಎಣಿಸಿರಲಿಲ್ಲ. ಹೇಳಿದರು. "ನಮ್ಮಪ್ಪ ಮೊಮ್ಮಗಳ ಮದುವೆ ಆಗ್ಲಿ ಅಂತ ಕಾದು..." ಎನ್ನುತ್ತ ಅಜ್ಜನ ಫೋಟೋಗೆ ಕೈ ಮುಗಿದರು. ಮುಂದಿನ ಸಾಲಿನ ಹೆಂಗಸರು ಕಣ್ಣೊರೆಸಿಕೊಂಡರು. ಏಳಬೇಕೆಂದುಕೊಂಡೆ, ಏಳಲಿಲ್ಲ.

ಅಜ್ಜಿ ಎದ್ದರು. ಮೈಕ್ ತಗೊಳ್ಳಲಿಲ್ಲ. ಸಭಿಕರ ಕಡೆ ತಿರುಗಿ ನಿಂತು, ಅಷ್ಟು ದೊಡ್ಡ ದನಿ ಅವರಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ, ಹೇಳಿದರು:

"ಅವರು ಕಾಯಲಿಲ್ರಿ. ನಾವ ಕಾಯಿಸಿದ್ವಿ. ಸಾಕು ಅಂದಿದ್ರು. ಮದವಿ ಮುಗೀಲಿ ಅಂತ ಔಷಧ ಏರಿಸಿ ಏರಿಸಿ ಹಿಡದಿಟ್ವಿ. ಬೆರಳು ಕೊಳತು ಹ್ವಾದ್ವು. ನಾ ನೋಡೀನಿ. ಈ ಕಥಿ ಇನ್ನ ಯಾರೂ ಹೇಳಬ್ಯಾಡ್ರಿ."

ಅಪ್ಪ ಮೈಕ್ ಹಿಡಿದೇ ನಿಂತಿದ್ದರು. ಯಾರೋ ಮಾವ, "ಅವ್ವಾರಿಗೆ ವಯಸ್ಸಾತು," ಎಂದು ಶುರುಮಾಡಿದರು. ನಾನು ಎದ್ದು, "ಅಜ್ಜಿ ಹೇಳಿದ್ದು ನಿಜ," ಎಂದೆ. ಅಷ್ಟೇ ಹೇಳಲು ಆದದ್ದು. ಸುಕನ್ಯಮ್ಮ ಬಂದು ಅಜ್ಜಿಯ ಪಕ್ಕ ನಿಂತರು. ಕೆಲವರು ಊಟ ಮಾಡದೆ ಹೋದರು. ಹೆಚ್ಚಿನವರು ಊಟ ಮಾಡಿದರು. ಪಂಕ್ತಿಯಲ್ಲಿ ಇಬ್ಬರು ಹೆಂಗಸರು, "ತುಂಬಿದ ಸಭೆಯಲ್ಲಿ ಇದೆಲ್ಲ ಹೇಳ್ಬೇಕಿತ್ತಾ?" ಎನ್ನುತ್ತ ಇನ್ನಷ್ಟು ಪಾಯಸ ಹಾಕಿಸಿಕೊಂಡರು. ಅವರ ಎಲೆಗಳನ್ನು ಎತ್ತಿ ಮುಖಕ್ಕೆ ಹಾಕೋಣವೆನಿಸಿತು.

ಅಪ್ಪ ಯಾರ ಜೊತೆಗೂ ಮಾತಾಡುತ್ತಿಲ್ಲ.

ಸೃಷ್ಟಿ


ಹೊಸ ತಿಪ್ಪಸಂದ್ರ
ಮಾರ್ಚ್ 1, 2026

ಪ್ರತಿಭಾ ಮಗಳೇ,

ನಿನ್ನ ಅವ್ವ ವಿಮಲಾಕ್ಷಿಯ ಆಶೀರ್ವಾದ. ಬರೆಯುವ ಅಭ್ಯಾಸ ತಪ್ಪಿದೆ, ಅಕ್ಷರ ಓರೆಯಾದರೆ ಸರಿಮಾಡಿ ಓದಿಕೋ.

ಆವತ್ತು ನೀನು ಲಿಂಗವಿಟ್ಟು ಬೆರಳು ಮಡಿಸುವಾಗ ನಾನು ಮಾಡಬೇಕಾದ ಕೆಲಸ ನೀನು ಮಾಡುತ್ತಿದ್ದಿ. ನನಗೆ ಮುಟ್ಟಲು ಧೈರ್ಯ ಬರಲಿಲ್ಲ. ಆ ಕೈ ಹಿಡಿದು ಈ ಊರಿಗೆ ಬಂದವಳು ನಾನು.

ಈಗ ನೀನು ಒಂದು ಸಲ ಬಾ. ಮಾತು ನಿಂತಾಗ ತನಗೆ ಏನು ಮಾಡಬೇಕು, ಏನು ಮಾಡಬಾರದು ಎಂದು ಮೊದಲೇ ಬರೆದಿಡಬಹುದಂತೆ, ಸೃಷ್ಟಿ ಹೇಳಿದಳು. ಆ ಕಾಗದ ತಗೊಂಡು ಬಾ. ನನಗೆ ಔಷಧದ ಹೆದರಿಕೆಯಿಲ್ಲ. ಎದ್ದು ಕೂರುವ ದಾರಿ ಇದ್ದರೆ ನಿನ್ನ ಅಡ್ರಿನಲಿನ್ ಹಾಕು, ಎಷ್ಟು ಬೇಕೋ ಅಷ್ಟು ಹಾಕು. ದಾರಿ ಇಲ್ಲವೆಂದು ನಿನಗೆ ಕಂಡ ದಿನ ತೆಗೆದುಬಿಡು. ಯಾರ ಮದುವೆ ಇದ್ದರೂ, ಯಾವ ಹಬ್ಬ ಇದ್ದರೂ. ನನ್ನ ಪರವಾಗಿ ಹೂಂ ಎನ್ನುವವರ ಜಾಗದಲ್ಲಿ ನಿನ್ನ ಹೆಸರು, ಸೃಷ್ಟಿಯ ಹೆಸರು ಬರೆಸುತ್ತೇನೆ. ನಿನ್ನ ಅಣ್ಣ ಶಿವಶರಣನದು ಬೇಡ. ಅವನ ಎದುರಿಗೇ ಇದನ್ನು ಹೇಳಿದ್ದೇನೆ.

ಅವನು ಕೆಟ್ಟವನಲ್ಲ. ಸಭೆಯಲ್ಲಿ ಮಾತಾಡಿದ ಮೇಲೆ ನನ್ನ ಮೇಲೆ ಹರಿಹಾಯುತ್ತಾನೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಬೆಳಿಗ್ಗೆ ಎದ್ದು ಮನೆ ಗುಡಿಸುತ್ತಾನೆ, ನನ್ನ ಬಿ.ಪಿ. ಗುಳಿಗೆ ಎತ್ತಿ ಕೊಡುತ್ತಾನೆ. ನಿನ್ನೆ ಚಹಾ ಮಾಡಿ ತಂದ. ಲೋಟ ತುಟಿಯವರೆಗೂ ಬಂತು, ಒಳಗೆ ಹೋಗಲಿಲ್ಲ. ಎದ್ದು ಹೋಗಿ ಸಿಂಕಿಗೆ ಚೆಲ್ಲಿದೆ. ಅವನು ಬಾಗಿಲಲ್ಲಿ ನಿಂತು ನೋಡಿದ.

"ಯಾಕವ್ವ, ಸಕ್ಕರೆ ಕಮ್ಮಿ ಆಯ್ತಾ?" ಎಂದ.

"ಹೇಸಿಗಿ ಆಗತದೋ," ಎಂದೆ. ಹೆತ್ತ ಮಗನಿಗೆ ಹೇಳುವ ಮಾತಲ್ಲ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅವನು ಲೋಟ ತೊಳೆದ. ಹಾಲು ಕಾಯಿಸಿ, ಮತ್ತೊಂದು ಸಲ ಚಹಾ ಮಾಡಿ ತಂದು ನನ್ನ ಮುಂದಿಟ್ಟು ಕೂತ. ಅದು ತಣ್ಣಗಾಗುವವರೆಗೆ ಇಬ್ಬರೂ ಅಲ್ಲೇ ಕೂತಿದ್ದೆವು.

ನಿನ್ನ ಅವ್ವ
ವಿಮಲಾಕ್ಷಿ